ಜಯತ್ತೆಯ ಕಂಬ

ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಗೆ ಬಂದವರು ಮೊದಲು ಜಯತ್ತೆಯನ್ನು ಮುಟ್ಟಬೇಕು. ತಿಂಡಿ, ಜಡೆ, ಸ್ಕೂಲು ಎಲ್ಲ ಆಮೇಲೆ. ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಇದೇ ಕಾನೂನು. ಜಯತ್ತೆ ಅಪ್ಪನ ತಂಗಿ. ನಾನು ಹುಟ್ಟುವ ಮೊದಲೇ, ಹದಿನಾರು ತುಂಬಿದ ವರ್ಷ, ಗೌರಿ ಹಬ್ಬದ ಬೆಳಗ್ಗೆ ತೀರಿಕೊಂಡಿದ್ದಳು. ತಲೆಗೆ ನೀರು ಹಾಕಿಕೊಂಡು ಬಂದವಳು ನಡುಮನೆಯ ಕಂಬ ಹಿಡಿದು ನಿಂತಿದ್ದಳಂತೆ, ಬಾಯಿ ತೆರೆದಿದ್ದರೂ ಸದ್ದು ಬರಲಿಲ್ಲವಂತೆ, ಹಾಗೇ ಕುಸಿದಳಂತೆ. ಮೈಮೇಲೆ ಒಂದು ಗಾಯವಿಲ್ಲ. ಕೆರೆ ಕಡೆಯಿಂದ ಬೀಸುವ ಗಾಳಿ ಸೋಕಿತು ಎಂದರು ಊರವರು. ಹನ್ನೊಂದನೆಯ ದಿನ ತಿಥಿ ಮುಗಿದ ಮೇಲೆ ಅಜ್ಜಿ ಅಳುತ್ತ ಹೋಗಿ ಅದೇ ಕಂಬಕ್ಕೆ ಬೆರಳು ತಾಗಿಸಿದಾಗ ಒಳಗಿನಿಂದ ಯಾರೋ ಅವಳನ್ನು ಮೆಲ್ಲಗೆ ಮುಟ್ಟಿದರು. ಮುಟ್ಟಿದ್ದು ಮಗಳೇ ಎಂದು ಅಜ್ಜಿಗೆ ತಕ್ಷಣ ಗೊತ್ತಾಯಿತು. ಹೆತ್ತವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು, ಅನ್ನುತ್ತಿದ್ದಳು.

ಅದು ಕಬ್ಬಿಣದ ಕಂಬ. ಮೊದಲಿದ್ದ ಮರದ ಕಂಬಕ್ಕೆ ಗೆದ್ದಲು ಹಿಡಿದಾಗ ತಾತ ತಂದು ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದನಂತೆ. ಹಸಿರು ಬಣ್ಣ, ನನ್ನ ಎತ್ತರಕ್ಕೆ ಸರಿಯಾಗಿ ಅರಿಶಿನ ಕುಂಕುಮದ ಪಟ್ಟೆ, ಮೇಲೊಂದು ಕನಕಾಂಬರದ ಮಾಲೆ. ಮುಟ್ಟುವುದಕ್ಕೂ ಕ್ರಮವಿತ್ತು. ಗೋಣಿಚೀಲದಲ್ಲಿ ಕಾಲೊರೆಸಿಕೊಂಡು, ಹಲಸಿನ ಮಣೆಯ ಮೇಲೆ ನಿಂತು, ಎರಡೇ ಬೆರಳಿನ ತುದಿಯಿಂದ ಮುಟ್ಟಬೇಕು. ಮುಟ್ಟಿದರೆ ಬೆರಳ ತುದಿಯಿಂದ ಮೊಣಕೈವರೆಗೆ ಜುಮ್ ಎನ್ನುತ್ತಿತ್ತು. ಚರ್ಮದ ಕೆಳಗೆ ಇರುವೆ ಸಾಲು ಹರಿದು ಹೋದ ಹಾಗೆ. ನಾನು ಪ್ರತಿದಿನ ಕಣ್ಣು ಮುಚ್ಚಿಕೊಂಡೇ ಮುಟ್ಟುತ್ತಿದ್ದೆ. ಕಣ್ಣು ಬಿಟ್ಟರೆ ಕಂಬದಲ್ಲಿ ಮುಖ ಕಾಣುತ್ತದೆ ಎಂಬ ಭಯ, ಕಾಣದೇ ಹೋದರೆ ಎಂಬ ಭಯವೂ ಅಷ್ಟೇ.

"ಎಲ್ಡು ಬೆಳ್ಳು ಸಾಕು ಕೂಸೇ. ಇಡೀಬ್ಯಾಡ," ಎಂದು ಅಜ್ಜಿ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಳು. "ಇಡುದ್ರೆ ಅವ್ಳು ಬಿಡಾಕಿಲ್ಲ. ಆಸೆ ಜಾಸ್ತಿ ಅವ್ಳಿಗೆ."

ಸತ್ತ ಮೇಲೂ ಜಯತ್ತೆಗೆ ಅವಳ ಸ್ವಭಾವವೆಲ್ಲ ಹಾಗೇ ಉಳಿದಿತ್ತು. ಬೇಸಿಗೆಯಲ್ಲಿ ಜುಮ್ಮೆನ್ನುವುದು ಕಡಿಮೆಯಾದರೆ ಅವಳಿಗೆ ಮುನಿಸು. ಮಳೆಗಾಲದಲ್ಲಿ ಜೋರಾದರೆ ಖುಷಿ. ಕೆಲವು ದಿನ ಬೆಳಗ್ಗೆ ಏನೂ ಆಗುತ್ತಿರಲಿಲ್ಲ. ಆವತ್ತು ಮನೆಯಲ್ಲಿ ಯಾರು ಯಾರಿಗೆ ಏನೆಂದರು ಎಂಬ ವಿಚಾರಣೆ ನಡೆಯುತ್ತಿತ್ತು, ತಪ್ಪು ಸಾಮಾನ್ಯವಾಗಿ ಅಮ್ಮನ ತಲೆಗೇ ಬರುತ್ತಿತ್ತು. ರಾತ್ರಿ ಕರೆಂಟು ಹೋದಾಗ ಜಯತ್ತೆ ಬರುತ್ತಲೇ ಇರಲಿಲ್ಲ. ಅದಕ್ಕೂ ಅಜ್ಜಿಯ ಬಳಿ ಉತ್ತರವಿತ್ತು. ಜಯ ಸಣ್ಣವಳಿದ್ದಾಗಿನಿಂದ ಕತ್ತಲೆಗೆ ಹೆದರುತ್ತಿದ್ದಳು, ಹಿತ್ತಲಿಗೆ ಹೋಗಲೂ ಯಾರಾದರೂ ಜೊತೆಗೆ ಬೇಕಿತ್ತು. ಈ ಮಾತು ಎಷ್ಟು ಸಹಜವಾಗಿ ಬರುತ್ತಿತ್ತೆಂದರೆ ನಾನು ಕರೆಂಟು ಹೋದ ರಾತ್ರಿಗಳಲ್ಲಿ ನನಗಾಗಿ ಹೆದರುತ್ತಿರಲಿಲ್ಲ. ಜಯತ್ತೆ ಈಗ ಎಲ್ಲಿ ಮುದುರಿ ಕೂತಿದ್ದಾಳೋ ಎಂದು ಯೋಚಿಸುತ್ತಿದ್ದೆ.

ಅಮ್ಮ ದಾಸರಹಳ್ಳಿ ಕಡೆಯವಳು. ಮದುವೆಯಾಗಿ ಬಂದ ಮೊದಲ ವಾರವೇ "ಇದೇನ್ ಮನೇನೋ, ಸತ್ತೋರ್ ಜೊತೆ ದಿನಾ ಷೇಕ್‌ಹ್ಯಾಂಡು" ಎಂದು ಅಪ್ಪನಿಗೆ ಹೇಳಿ, ಅದು ಅಜ್ಜಿಯ ಕಿವಿಗೆ ಬಿದ್ದು, ಮುಂದೆ ಎಷ್ಟೋ ವರ್ಷ ಅತ್ತೆ ಸೊಸೆಯ ಜಗಳಕ್ಕೆಲ್ಲ ಆ ಮಾತೇ ಮುನ್ನುಡಿಯಾಯಿತು. ಅಮ್ಮ ಕಂಬವನ್ನು ಉಗುರಿನಿಂದ ಮುಟ್ಟಿ ಮುಟ್ಟಿದೆ ಅನ್ನುತ್ತಿದ್ದಳು. ಅಜ್ಜಿಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವಳ ಸಂಕಟವೂ ಕಾಣುತ್ತಿತ್ತು. ಜಯತ್ತೆಯನ್ನು ಹೂಳಿದ್ದು ನಮ್ಮದೇ ಹೊಲದ ಬದುವಿನಲ್ಲಿ. ಆ ಹೊಲ ಮಾರಾಟವಾಗಿ ಲೇಔಟ್ ಆಯಿತು, ರಸ್ತೆ ಬಿತ್ತು, ಸೈಟಿಗೆ ಕಲ್ಲು ನೆಟ್ಟರು. ಒಂದು ಹಬ್ಬಕ್ಕೆ ಎಡೆ ಹಿಡಿದುಕೊಂಡು ಹೋದ ಅಜ್ಜಿ ಮಗಳ ಗುಂಡಿ ಯಾವುದೆಂದು ಗೊತ್ತಾಗದೆ ಇಡೀ ಲೇಔಟ್ ಸುತ್ತಿ, ತಂದ ಎಡೆಯನ್ನು ಹಾಗೇ ಮನೆಗೆ ತಂದು ಕಂಬದ ಮುಂದೆ ಇಟ್ಟಳು. ಆಮೇಲೆ ಅವಳಿಗೆ ಉಳಿದದ್ದು ಕಂಬ ಒಂದೇ.

ಅಪ್ಪನ ಕೊನೆಯ ತಂಗಿ ಸರೋಜತ್ತೆ. ಅವಳಿಗೆ ಟೈಲರಿಂಗ್ ಬೇಡ, ಟೈಪಿಂಗ್ ಬೇಡ, ಐ.ಟಿ.ಐ.ಗೆ ಸೇರಿ ಎಲೆಕ್ಟ್ರಿಷಿಯನ್ ಆಗುತ್ತೇನೆಂದು ಹಟ ಹಿಡಿದು ಸೇರಿದಳು. ಮೊದಮೊದಲು ಅವಳ ವಿದ್ಯೆಯಿಂದ ಮನೆಗೆ ನಷ್ಟವೇ ಹೆಚ್ಚು. ರೇಡಿಯೋ ಬಿಚ್ಚಿದಳು, ಅದು ಮತ್ತೆ ಹಾಡಲಿಲ್ಲ. ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದಳು, ಅಪ್ಪನ ಬಿಳಿ ಅಂಗಿಯ ಬೆನ್ನಿನಲ್ಲಿ ಕಂದು ತ್ರಿಕೋನ ಮೂಡಿತು. ಆದರೂ ಸಂಜೆ ಬಂದು ಕಾಲೇಜಿನಲ್ಲಿ ಕಲಿತದ್ದನ್ನು ನನಗೆ ಹೇಳಿಕೊಡುತ್ತಿದ್ದಳು. ಕರೆಂಟಿಗೆ ಹೋಗಲು ಒಂದು ದಾರಿ, ವಾಪಸು ಬರಲು ಒಂದು ದಾರಿ ಬೇಕು. ಬರುವ ದಾರಿ ಕೆಟ್ಟರೆ ಅದು ಮಣ್ಣಿಗೆ ಇಳಿಯಲು ನೋಡುತ್ತದೆ, ಮಧ್ಯೆ ಸಿಕ್ಕವರನ್ನೇ ದಾರಿ ಮಾಡಿಕೊಳ್ಳುತ್ತದೆ. ನಾನು ತಲೆಯಾಡಿಸುತ್ತಿದ್ದೆ. ನಮ್ಮ ಮನೆಯ ಸೂರಿನ ಕೆಳಗೆ ಮರದ ರೀಪಿನ ಮೇಲೆ ಓಡುತ್ತಿದ್ದ ಬಟ್ಟೆ ಸುತ್ತಿದ ಹಳೇ ವೈರುಗಳನ್ನು ಅವಳು ಕತ್ತೆತ್ತಿ ನೋಡುತ್ತಿದ್ದಳು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅಪ್ಪ ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿಟ್ಟಿದ್ದ. ಅದನ್ನು ಕಂಡು ಅವಳು ಹಣೆ ಬಡಿದುಕೊಂಡಳು. ಹೋಗಬೇಕಾದಾಗ ಹೋಗಲೆಂದೇ ಅಲ್ಲವೇ ಫ್ಯೂಸ್ ಇರುವುದು, ಎಂದಳು.

ಆ ವರ್ಷ ಅಮ್ಮ ನನ್ನ ತಮ್ಮನನ್ನು ಹೆತ್ತಳು. ಅದೇ ಮಳೆಗಾಲದಲ್ಲಿ ಕಂಬದ ನೇರಕ್ಕೆ ಎರಡು ಹೆಂಚು ಒಡೆದು ನೀರು ಒಳಗೆ ಇಳಿಯತೊಡಗಿತು. ಜಯತ್ತೆಯ ಖುಷಿ ಹೇಳತೀರದು. ಎರಡು ಬೆರಳಿಟ್ಟರೆ ಭುಜದವರೆಗೂ ಎಳೆಯುತ್ತಿತ್ತು, ಒಮ್ಮೆ ನನ್ನ ಹಲ್ಲು ತಾನಾಗಿ ಕಚ್ಚಿಕೊಂಡಿತು. ನಾನು ಅತ್ತುಬಿಟ್ಟೆ. ಅಜ್ಜಿಗೆ ಮಾತ್ರ ಸಂತೋಷ ಹಿಡಿಸಲಾರದಷ್ಟು.

"ಅಳಿಯ ಬಂದವ್ನಲ್ಲ, ಅದ್ಕೇ ಇಂಗಾಡ್ತಾವ್ಳೆ. ಎತ್ಕೊಳಾಕೆ ಕಾಯ್ತಾವ್ಳೆ ನನ್ ಮಗ್ಳು," ಎಂದಳು.

ಹೆಸರಿಡುವ ದಿನ ನಮ್ಮ ಮನೆಯಲ್ಲೊಂದು ಶಾಸ್ತ್ರ. ಅಜ್ಜಿ ಕಂಬದ ಬುಡದಲ್ಲೇ ನೆಲಕ್ಕೆ ಕೂತು ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಾಳೆ. ಮೈ ಒರೆಸುವ ಮೊದಲು ಮಗುವಿನ ಅಂಗೈಯನ್ನು ಕಂಬಕ್ಕೆ ಒತ್ತಿ "ನಿಮ್ಮತ್ತೆ ಕಣಪ್ಪ" ಎಂದು ಪರಿಚಯ ಮಾಡಿಸುತ್ತಾಳೆ. ನನಗೂ ಮಾಡಿಸಿದ್ದಳಂತೆ. ನಾನು ಹುಟ್ಟಿದ್ದು ಸುಡುಬೇಸಿಗೆಯಲ್ಲಿ. ಜಯತ್ತೆ ಮುನಿಸಿಕೊಂಡಿರುವ ಕಾಲದಲ್ಲಿ.

ಸರೋಜತ್ತೆ ಕಾಲೇಜಿನಿಂದ ಟೆಸ್ಟರ್ ತಂದದ್ದು ಆಗಲೇ. ಸ್ಕ್ರೂಡ್ರೈವರಿನಂಥದು, ಹಿಡಿಯೊಳಗೆ ಪುಟ್ಟ ಬಲ್ಬು. ಕರೆಂಟಿರುವ ಕಡೆ ತಾಗಿಸಿದರೆ ಕೆಂಪಗೆ ಹತ್ತುತ್ತದೆ. ಹೊಸ ಆಟಿಕೆ ಸಿಕ್ಕ ಉಮೇದಿನಲ್ಲಿ ಅವಳು ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಮುಟ್ಟುತ್ತ ಬಂದಳು, ನಾನು ಹಿಂದೆ. ಸ್ವಿಚ್‌ಬೋರ್ಡಿನಲ್ಲಿ ಹತ್ತಿತು. ಕಿಟಕಿಯ ಸರಳಿನಲ್ಲಿ ಹತ್ತಲಿಲ್ಲ, ಹಂಡೆಯಲ್ಲಿ ಹತ್ತಲಿಲ್ಲ. ಕಂಬದ ಹತ್ತಿರ ಬಂದಾಗ ಅವಳು ಮೊದಲು ಕೈಮುಗಿದಳು. ಆಮೇಲೆ ಅರಿಶಿನದ ಪಟ್ಟೆಯ ಕೆಳಗೆ ತುದಿ ತಾಗಿಸಿದಳು. ಹಿಡಿಯೊಳಗೆ ಕೆಂಪು ಕಣ್ಣೊಂದು ತೆರೆದುಕೊಂಡಿತು. ಸರೋಜತ್ತೆಯ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಏನಾಯಿತೆಂದು ಅರ್ಥವಾಗಿ ಅಲ್ಲ, ಅವಳ ಮುಖ ನೋಡಿ.

"ಅವ್ವಾ, ಬಾ ಇಲ್ಲಿ. ಕಂಬದಲ್ಲಿ ಕರೆಂಟ್ ಬರ್ತಿದೆ. ಇಷ್ಟ್ ದಿನ ನಾವ್ ಮುಟ್ತಿದ್ದಿದ್ದು ಕರೆಂಟ್ನ."

ಅಜ್ಜಿ ಬಂದು ಬಗ್ಗಿ ನೋಡಿದಳು. ಮುಖ ಅರಳಿತು. ಸೆರಗು ತಲೆಯ ಮೇಲೆಳೆದುಕೊಂಡು ಕೈಮುಗಿದಳು.

"ಅಯ್ಯೋ ನನ್ನವ್ವಾ, ಜೀವ ಕಾಣ್ತದಲ್ಲೇ! ಇಷ್ಟ್ ವರ್ಸ ಬರೀ ಮುಟ್ತಿದ್ದೆ, ಇವತ್ತು ಕಣ್ಣಿಗ್ ಕಂಡ್ಳು!"

ಮರುದಿನ ನಮ್ಮ ನಡುಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಸರೋಜತ್ತೆ ಟೆಸ್ಟರನ್ನು ಬಚ್ಚಿಡುವಷ್ಟರಲ್ಲಿ ಮೂರು ತೆಂಗಿನಕಾಯಿ ಒಡೆದಾಗಿತ್ತು. ವಿಜ್ಞಾನದ ಮೊದಲ ಪಾಠ ನಮ್ಮ ಮನೆಯಲ್ಲಿ ಈ ರೀತಿ ಪವಾಡವಾಗಿ ಮುಗಿಯಿತು.

ಆ ಹೆಂಗಸರು ಹೋದ ಮೇಲೆ ಸರೋಜತ್ತೆ ತುಂಬ ಹೊತ್ತು ಹಲಸಿನ ಮಣೆಯನ್ನೇ ನೋಡುತ್ತ ಕೂತಿದ್ದಳು. ಮಣೆ ಒಣಮರ, ಅದರ ಮೇಲೆ ಒಣಗಿದ ಕಾಲಿನಲ್ಲಿ ನಿಂತು ಎರಡೇ ಬೆರಳು ತಾಗಿಸುವುದರಿಂದ ನಾವೆಲ್ಲ ಉಳಿದಿದ್ದೆವು. ಅಜ್ಜಿಯ ಮಡಿಯೇ ನಮ್ಮನ್ನು ಕಾಯುತ್ತಿತ್ತು. ಆದರೆ ಶಾಸ್ತ್ರದ ದಿನ ಮಣೆ ಇರುವುದಿಲ್ಲ. ಅಜ್ಜಿ ನೀರು ತುಂಬಿದ ನೆಲದಲ್ಲಿ ಕೂತಿರುತ್ತಾಳೆ, ಕಾಲ ಮೇಲೆ ತೊಯ್ದ ಮಗು. ಇದನ್ನು ಸರೋಜತ್ತೆಯೇ ನನಗೆ ಬಿಡಿಸಿ ಹೇಳಿದ್ದು. ಶಾಸ್ತ್ರಕ್ಕೆ ಇನ್ನು ಒಂದು ವಾರ.

ಮಾರನೆಯ ದಿನ ಮಳೆ ಬಿಟ್ಟು ಬಿಸಿಲು ಬಂತು. ನಮ್ಮ ನಡುಮನೆಯ ಸೂರಿನಲ್ಲೊಂದು ಗಾಜಿನ ಹೆಂಚಿತ್ತು. ನಡುಮಧ್ಯಾಹ್ನ ಅದರಿಂದ ಇಳಿದ ಬಿಸಿಲು ನೇರ ಕಂಬದ ಮೇಲೆ ಬೀಳುತ್ತಿತ್ತು. ಸರೋಜತ್ತೆ ಮೇನ್ ಸ್ವಿಚ್ ಇಳಿಸಿ, ಪಿಂಗಾಣಿಯ ಫ್ಯೂಸನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಳು. ಕಂಬಕ್ಕೆ ಟೆಸ್ಟರ್ ತಾಗಿಸಿದಳು, ಹತ್ತಲಿಲ್ಲ. ಆಮೇಲೆ ಅಜ್ಜಿಯನ್ನು ಕರೆದಳು.

"ಅವ್ವ, ಕರೆಂಟ್ ತೆಗ್ದಿದೀನಿ. ಕರೆಂಟ್ ಇಲ್ದಾಗ ಜಯಕ್ಕ ಯಾಕ್ ಬರಲ್ಲ?"

"ಕತ್ಲೆ ಅಂದ್ರೆ ಬಯ ಅವ್ಳಿಗೆ. ನಿಂಗ್ ಗೊತ್ತಿಲ್ವಾ?"

"ಈಗ ಕತ್ಲೆ ಇದ್ಯಾ?"

ಅಜ್ಜಿ ಗಾಜಿನ ಹೆಂಚನ್ನು ನೋಡಿದಳು. "ಎಲ್ಲೈತೆ ಕತ್ಲೆ? ನೆತ್ತಿ ಮ್ಯಾಲೆ ಬಿಸ್ಲು."

"ಹಂಗಾದ್ರೆ ಮುಟ್ಟು."

ಅಜ್ಜಿ ಮಣೆ ಹತ್ತಿ ಎರಡು ಬೆರಳಿಟ್ಟಳು. ತೆಗೆದಳು. ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಅಂಗೈ ಇಟ್ಟಳು. ಆಮೇಲೆ ಇಷ್ಟು ವರ್ಷ ನಮಗೆಲ್ಲ ಬೇಡವೆಂದಿದ್ದನ್ನು ತಾನೇ ಮಾಡಿದಳು: ಮಣೆಯಿಂದಿಳಿದು ಎರಡೂ ತೋಳಿನಿಂದ ಕಂಬವನ್ನು ತಬ್ಬಿಕೊಂಡು ಕೆನ್ನೆ ಒತ್ತಿ, "ಜಯಾ… ಬೆಳಕೈತೆ ಕಣವ್ವ, ಬಾ," ಎಂದು ಕರೆದಳು. ಬಾಗಿಲ ಆಚೆಯಿಂದ ಯಾರನ್ನೋ ಎಬ್ಬಿಸುವ ದನಿ ಅದು. ನಾನು ಸರೋಜತ್ತೆಯ ಲಂಗ ಹಿಡಿದುಕೊಂಡೆ. ಕಂಬ ಬರೀ ಕಬ್ಬಿಣವಾಗಿ ನಿಂತಿತ್ತು. ನನ್ನ ಬದುಕಿನಲ್ಲಿ ಅಷ್ಟು ಭಯವಾದದ್ದು ಇನ್ನೊಂದಿಲ್ಲ. ಜಯತ್ತೆ ಇದ್ದಾಗ ಆಗುತ್ತಿದ್ದ ಭಯಕ್ಕಿಂತ ಅವಳು ಇಲ್ಲದ ಭಯ ದೊಡ್ಡದಿತ್ತು.

ಸಂಜೆ ಅಪ್ಪ ಬಂದಾಗ ಮನೆ ಕತ್ತಲೆ, ಅಜ್ಜಿ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಅಪ್ಪ ಕೂಗಾಡಿದ.

"ಫ್ಯೂಸ್ ಕೊಡು ಸರೋಜಾ. ಕೂಸು ಒಂದ್ಸಲ ಮುಟ್ಲಿ, ಅವ್ವನ್ ಆಸೆ ತೀರ್ಲಿ, ಆಮೇಲೆ ಅದೇನ್ ಬೇಕಾದ್ರೂ ಮಾಡ್ಕೋ."

"ಕೊಡಲ್ಲ ಅಣ್ಣ. ಒಂದ್ಸಲ ಮುಟ್ಟಿದ್ರೆ ಎರಡ್ನೇ ಸಲಕ್ಕೆ ಇರಲ್ಲ ಅವ್ನು."

"ನೀನ್ ಕಲಿತಿರೋದು ಇನ್ನೂ ಅರ್ಧ ವರ್ಷ! ನನ್ ಅಂಗಿ ಸುಟ್ಟೋಳು ನೀನು!"

ಆಗ ಬಾಣಂತಿ ಕೋಣೆಯಿಂದ ಅಮ್ಮ ಮಾತಾಡಿದಳು. ಅಲ್ಲಿಯವರೆಗೆ ಅವಳು ಆ ಮನೆಯಲ್ಲಿ ಗಂಡಸರ ಮಾತಿಗೆ ನಡುವೆ ಬಾಯಿ ಹಾಕಿದವಳಲ್ಲ.

"ನನ್ ಮಗೂನ ಆ ಕಂಬದ್ ಹತ್ರ ಕೊಡಲ್ಲ ನಾನು. ಅವಳು ದೇವ್ರಾಗಿರ್ಲಿ, ಕರೆಂಟಾಗಿರ್ಲಿ. ಬೇಕಾದ್ರೆ ತವ್ರಿಗ್ ಹೋಗ್ತೀನಿ."

ಕೊನೆಗೆ ಆದ ರಾಜಿ ಇಷ್ಟು: ಸರೋಜತ್ತೆ ಒಬ್ಬಳೇ ಏನನ್ನೂ ಬಿಚ್ಚಕೂಡದು, ಅವಳ ಐ.ಟಿ.ಐ. ಮೇಷ್ಟ್ರು ಬಂದು ನೋಡಿ ಹೇಳಬೇಕು, ಅಲ್ಲಿಯವರೆಗೆ ಫ್ಯೂಸ್ ಅವಳ ಹತ್ತಿರವೇ. ಮೇಷ್ಟ್ರಿಗೆ ಬಿಡುವಾಗುವವರೆಗೆ ನಾವು ಸೀಮೆಎಣ್ಣೆ ಬುಡ್ಡಿಯಲ್ಲಿದ್ದೆವು. ಮಳೆ ಮತ್ತೆ ಹಿಡಿಯಿತು. ಯಾರೂ ಕಂಬದ ಹತ್ತಿರ ಹೋಗುತ್ತಿರಲಿಲ್ಲ. ಅಭ್ಯಾಸಬಲದಿಂದ ಬಚ್ಚಲಿನಿಂದ ಬಂದವಳು ಮಣೆ ಹತ್ತಿ, ಕೈ ಚಾಚಿ, ಹಾಗೇ ಇಳಿಯುತ್ತಿದ್ದೆ. ಅಜ್ಜಿ ಹೊತ್ತು ಮುಳುಗುವಾಗ ಎದ್ದು ತನ್ನ ಪಾಲಿನ ಬುಡ್ಡಿಯನ್ನು ಕಂಬದ ಬುಡದಲ್ಲಿ ಹಚ್ಚಿಟ್ಟು, ತಾನು ಕತ್ತಲೆಯಲ್ಲಿ ಮಲಗುತ್ತಿದ್ದಳು.

ಮೇಷ್ಟ್ರು ಏಣಿ ತರಿಸಿ ಮೇಲಿನ ರೀಪನ್ನು ಬಿಚ್ಚಿಸಿದರು. ಕಂಬದ ತಲೆಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿಯಿತ್ತು, ಅದರ ಮೇಲೆ ರೀಪು, ರೀಪಿನ ಮೇಲೆ ಬಚ್ಚಲಿನ ಬಲ್ಬಿಗೆ ಹೋಗುವ ವೈರು. ಅಲ್ಲಿ ತೋರಣ ಕಟ್ಟುವ ಮೊಳೆಯೊಂದಿತ್ತು. ಹಬ್ಬಹಬ್ಬಕ್ಕೆ ಮಾವಿನೆಲೆ ಇಳಿಬಿಡುತ್ತಿದ್ದ ಮೊಳೆ, ನಾವೆಲ್ಲ ದಿನಾ ನೋಡುತ್ತಿದ್ದ ಮೊಳೆ. ಅದು ವೈರಿನ ಮೈಯನ್ನು ತೂರಿ ರೀಪಿನೊಳಗಿಳಿದು ಕಬ್ಬಿಣದ ಪಟ್ಟಿಗೆ ಒಂದು ಎಳೆಯಷ್ಟು ದೂರದಲ್ಲಿ ನಿಂತಿತ್ತು. ನಡುವೆ ಬರೀ ಮರ. ಮರ ಒಣಗಿದ್ದರೆ ಕರೆಂಟು ತಡೆದು ನಿಲ್ಲುತ್ತಿತ್ತು, ಚೂರು ತಂಪಾದರೆ ಜುಮ್ಮೆನ್ನುವಷ್ಟು ಸೋರುತ್ತಿತ್ತು, ಚೆನ್ನಾಗಿ ನೆನೆದರೆ ದಾರಿ ತೆರೆಯುತ್ತಿತ್ತು. ಮೊಳೆಯ ಸುತ್ತ ಮರ ಕಪ್ಪಗೆ ಸೀದಿತ್ತು. ಹೊಸದಾಗಿ ಸೀದದ್ದಲ್ಲ, ಅದರ ಮೇಲೆ ಎಷ್ಟೋ ವರ್ಷದ ಧೂಳಿದೆ, ಎಂದರು ಮೇಷ್ಟ್ರು. ಮನೆಯಲ್ಲಿ ಹಿಂದೆ ಯಾರಿಗಾದರೂ ಏನಾದರೂ ಆಗಿತ್ತೇ ಎಂದು ಕೇಳಿದರು. ಏಣಿಯ ಮೇಲಿದ್ದ ಸರೋಜತ್ತೆ ಆ ಮೊಳೆಯನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡಳು. ಅಪ್ಪ ಒಂದು ಸಲ ಕಂಬವನ್ನೂ ಒಂದು ಸಲ ಬಚ್ಚಲ ಬಾಗಿಲನ್ನೂ ನೋಡಿದ.

ಮಲಗಿದ್ದ ಅಜ್ಜಿ ಎದ್ದು ಬಂದಿದ್ದು ನಮಗೆ ಗೊತ್ತಾಗಲಿಲ್ಲ.

"ಏನದು ಕೈಲಿ?"

"ಏನಿಲ್ಲವ್ವ. ಇಲಿ ಕಡಿದಿದೆ ವೈರ್ನ," ಎಂದಳು ಸರೋಜತ್ತೆ.

"ಇಲಿಯಲ್ಲ. ಕೊಡಿಲ್ಲಿ."

ಅಂಗೈಯಲ್ಲಿ ಇಟ್ಟುಕೊಂಡು ಅಜ್ಜಿ ಮೊಳೆಯನ್ನು ಉರುಳಿಸಿ ನೋಡಿದಳು. ಎತ್ತಿನ ಲಾಳಕ್ಕೆ ಹೊಡೆಯುವ, ತಲೆ ಚಪ್ಪಟೆಯಾದ ಮೊಳೆ ಅದು.

"ನಾನೇ ಒಡ್ದಿದ್ದು. ಗೌರಬ್ಬದ್ ಇಂದಿನ್ ದಿನ. ತೋರ್ಣ ನಡುಮನೇಲೂ ಇರ್ಲಿ ಅಂದ್ಳು ಜಯ. ಅವ್ಳೇ ಒರಳ್ನ ಇಡ್ಕೊಂಡಿದ್ಲು ಅಲುಗಾಡ್ದಂಗೆ, ನಾನ್ ಅದ್ರ ಮ್ಯಾಲ್ ಅತ್ತಿ ಮೊಳೆ ಒಡ್ದೆ." ಒಡೆದ ಹೆಂಚಿನತ್ತ ಕತ್ತೆತ್ತಿ, "ಆವಾಗ್ಲೂ ಇಲ್ಲಿ ಸೋರ್ತಿತ್ತು," ಎಂದಳು.

ಅಜ್ಜಿ ಅಳುತ್ತಾಳೆಂದು ನಾನು ಕಾದೆ. ಅವಳು ಅಳಲಿಲ್ಲ. ಕಂಬವನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ವರ್ಷ ದಿನಾ ಹೂ ಮುಡಿಸಿ, ಎಡೆಯಿಟ್ಟು, ಮಗಳೆಂದು ಮುಟ್ಟಿದ್ದು ಮಗಳನ್ನು ಕೊಂದದ್ದನ್ನೇ ಎಂಬುದು ಅವಳಿಗೆ ನಮ್ಮೆಲ್ಲರಿಗಿಂತ ಮೊದಲು ಅರ್ಥವಾಗಿತ್ತು. ಕನಕಾಂಬರದ ಮಾಲೆಯನ್ನು ತಾನೇ ತೆಗೆದು ಮಡಿಲಿಗೆ ಹಾಕಿಕೊಂಡು ಒಳಗೆ ಹೋದಳು.

ಮೇಷ್ಟ್ರ ಕೆಳಗೆ ಸರೋಜತ್ತೆ ಮತ್ತು ಅವಳ ಜೊತೆಯವರು ಇಡೀ ಮನೆಯ ವೈರು ಬದಲಿಸಿದರು. ಹಳೆಯದೆಲ್ಲ ಸುರುಳಿ ಸುರುಳಿಯಾಗಿ ಅಂಗಳಕ್ಕೆ ಬಿತ್ತು. ಮುಟ್ಟಿದರೆ ಬಟ್ಟೆ ಪುಡಿಯಾಗಿ ಉದುರುತ್ತಿತ್ತು. ಕೊನೆಗೆ ಉಳಿದದ್ದು ಅರ್ಥಿಂಗ್. ಅದು ನಮ್ಮ ಮನೆಗೆ ಅಲ್ಲಿಯವರೆಗೆ ಇರಲೇ ಇಲ್ಲ. ಹಿತ್ತಲಲ್ಲಿ ಆಳುದ್ದದ ಗುಂಡಿ ತೋಡಿ, ತಳದಲ್ಲಿ ಲೋಹದ ತಗಡು ಇಟ್ಟು, ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ತುಂಬುತ್ತಾರೆ. ಮನೆಯಲ್ಲಿ ಎಲ್ಲೇ ಕರೆಂಟು ಸೋರಿದರೂ ಅದು ಈ ಗುಂಡಿಗೆ ಇಳಿದುಹೋಗಲಿ ಎಂದು. ಆ ಗುಂಡಿ, ಪಕ್ಕದಲ್ಲಿ ಉಪ್ಪಿನ ಮೂಟೆ, ಗುಂಡಿಯ ಅಂಚಿನಲ್ಲಿ ತಲೆ ತಗ್ಗಿಸಿ ನಿಂತ ಅಪ್ಪ. ನಮ್ಮಲ್ಲಿ ಹೆಣ ಹೂಳುವಾಗಲೂ ಉಪ್ಪು ಹಾಕುತ್ತಾರೆ. ಹಿತ್ತಲ ಬಾಗಿಲಿನಲ್ಲಿ ಅಜ್ಜಿ ಬಂದು ನಿಂತಿದ್ದಳು, ತಲೆ ಮೇಲೆ ಸೆರಗು.

"ಆ ಉಪ್ಪು ನಾನ್ ಆಕ್ತೀನಿ," ಎಂದಳು.

ಮೇಷ್ಟ್ರು ಅಪ್ಪನ ಮುಖ ನೋಡಿದರು, ಆಮೇಲೆ ಬದಿಗೆ ಸರಿದರು. ಅಜ್ಜಿ ಮೂರು ಹಿಡಿ ಉಪ್ಪು ಹಾಕಿದಳು. ಸೊಂಟದ ಎಲೆಯಡಿಕೆ ಚೀಲದಿಂದ ಆ ಮೊಳೆ ತೆಗೆದು ಗುಂಡಿಗೆ ಬಿಟ್ಟಳು, ಒಣಗಿದ ಕನಕಾಂಬರ ಬಿಟ್ಟಳು. ಮಣ್ಣು ಮುಚ್ಚಿದ ಮೇಲೆ ಒಂದು ಪೈಪಿನ ಬಾಯಿ ಮಾತ್ರ ಹೊರಗೆ ಉಳಿಯಿತು. ಅದರಲ್ಲಿ ಆಗಾಗ ನೀರು ಬಿಡಬೇಕು, ಗುಂಡಿ ಒಣಗಿದರೆ ಕೆಲಸ ಮಾಡುವುದಿಲ್ಲ ಎಂದು ಸರೋಜತ್ತೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ನೀರ್ ಬಿಡ್ತಾ ಇದ್ರೆ ಮನೇಲಿ ಯಾರ್ಗೂ ಏನೂ ಆಗಾಕಿಲ್ವಾ?" ಎಂದು ಅಜ್ಜಿ ಕೇಳಿದಳು.

"ಆಗಲ್ಲವ್ವ. ಅವಳು ನೋಡ್ಕೋತಾಳೆ."

ಸರೋಜತ್ತೆ ಹೀಗೇ ಹೇಳಿದಳು. ಯಾಕೆ ಹಾಗೆಂದೆ ಎಂದು ದೊಡ್ಡವಳಾದ ಮೇಲೆ ಕೇಳಿದ್ದಕ್ಕೆ, ಬಾಯಿಗೆ ಬಂತು ಕಣೇ, ಎಂದಳು.

ಹೆಸರಿಡುವ ಶಾಸ್ತ್ರದ ದಿನ ಅಜ್ಜಿ ಕಂಬದ ಬುಡದಲ್ಲಿ ಕೂರಲಿಲ್ಲ. ತಮ್ಮನನ್ನು ಬಿಸಿಲು ಬೀಳುವ ಹಿತ್ತಲಿಗೆ ಎತ್ತಿಕೊಂಡು ಹೋಗಿ ಅಲ್ಲೇ ಕಾಲು ಚಾಚಿ ನೀರು ಹಾಕಿದಳು. ಮೈಯಿಂದ ಹರಿದ ನೀರು ಹೋಗಿ ಗುಂಡಿಯ ಮಣ್ಣಿಗೆ ಇಳಿಯಿತು. ಅಮ್ಮ ಎರಡು ಕೈಯನ್ನೂ ಮುಂದೆ ಚಾಚಿಕೊಂಡೇ ನಿಂತಿದ್ದಳು, ಆದರೆ ತಡೆಯಲಿಲ್ಲ.

ಅವತ್ತಿನಿಂದ ಅಜ್ಜಿ ಬದುಕಿರುವವರೆಗೆ ಆ ಪೈಪಿಗೆ ದಿನಾ ಒಂದು ಚೊಂಬು ನೀರು ಬಿದ್ದಿದೆ. ಮಳೆ ಬಂದ ದಿನವೂ. ಬಿಡುತ್ತ "ತಣ್ಗಿರು ಮಗಾ" ಅನ್ನುತ್ತಿದ್ದಳು. ಈಗ ಆ ಮನೆಯಿಲ್ಲ. ಅಲ್ಲಿ ಮೂರಂತಸ್ತಿನ ಕಟ್ಟಡವಿದೆ, ಮೇಲೆ ಬಾಡಿಗೆಯವರು, ಕೆಳಗೆ ನಾನು. ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಪ್ರತಿ ಮನೆಗೂ ಹಾಕಿಸಿದ್ದೇನೆ, ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ನೋಡುತ್ತೇನೆ. ಸರೋಜತ್ತೆ ನಿಂತು ಮಾಡಿಸಿದ ಕೆಲಸ ಅದು. ಹಿತ್ತಲಿನ ಹಳೇ ಗುಂಡಿಯನ್ನು ಮಾತ್ರ ನಾವು ತೆಗೆಸಲಿಲ್ಲ. ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಅದೇ ಪೈಪಿನ ಬಾಯಿ ಇದೆ, ಕಟ್ಟಡದ ಅರ್ಥಿಂಗಿಗೆ ಅದನ್ನೂ ಸೇರಿಸಿದ್ದೇವೆ. ಮೊನ್ನೆ ಮೇಲಿನ ಮನೆಯ ಹುಡುಗಿ, ಸ್ನಾನ ಮಾಡಿ ಒದ್ದೆ ಕೂದಲು ಹರಡಿಕೊಂಡೇ ಕೆಳಗೆ ಬಂದವಳು, ನನ್ನ ಚೊಂಬು ನೋಡಿ ನಿಂತಳು.

"ಆಂಟಿ, ಇಲ್ಲಿ ಗಿಡಾನೇ ಇಲ್ವಲ್ಲ. ದಿನಾ ಯಾರಿಗೆ ನೀರ್ ಹಾಕ್ತೀರಾ?"

"ನಿನಗೇ ಕಣಮ್ಮ," ಎಂದೆ.

ಅವಳು ನಕ್ಕು, ಕಬ್ಬಿಣದ ಗೇಟನ್ನು ಒದ್ದೆ ಕೈಯಲ್ಲಿ ಗಟ್ಟಿಯಾಗಿ ಹಿಡಿದು ತೆರೆದುಕೊಂಡು ಹೋದಳು. ಅವಳಿಗೆ ಏನೂ ಆಗಲಿಲ್ಲ.